ಆಮೆ ತೆರೆದ ಬಾಗಿಲು

1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಲಿಯೊ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 11 ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಜನರೊಡನೆ ಬೆರೆಯದೆ ತಮ್ಮಷ್ಟಕ್ಕೆ ಇರುವ, ಎಲ್ಲವೂ ಇದ್ದಂತೆಯೇ ಇರಬೇಕೆಂದು ಬಯಸುವ, ಆದರೆ ವಸ್ತುಗಳೊಡನೆ ಒಳ್ಳೆಯ ನಂಟುಳ್ಳ ಮಕ್ಕಳು ಅವರು. ಆಟಿಸಂನ ವೈದ್ಯಕೀಯ ಇತಿಹಾಸದಲ್ಲಿ ಇದೊಂದು ಮೈಲುಗಲ್ಲು.

ದುರದೃಷ್ಟವೆಂದರೆ, ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂಬ ವಾದವೂ ಆ ಕಾಲದಲ್ಲಿ ಬೇರೂರಿತು. ಮಗುವಿನ ಚಿಂತೆಯ ಜೊತೆಗೆ ಅಪವಾದವನ್ನೂ ತಾಯಂದಿರು ಹೊರಬೇಕಾಯಿತು. ಸ್ವತಃ ಅಂಥ ಮಗುವಿನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಗ್ರಂಥವೊಂದನ್ನು ಬರೆದು ಈ ವಾದವನ್ನು ಖಂಡಿಸಿದರು. ಇದರ ಮೂಲ ಮಗುವಿನ ನರಮಂಡಲದಲ್ಲಿದೆಯೇ ಹೊರತು ತಾಯಿಯ ಎದೆಯಲ್ಲಲ್ಲ ಎಂಬುದು ಅವರ ನಿಲುವು.

ಅದೇ ದಶಕದಲ್ಲಿ ಕಂಪ್ಯೂಟರ್ ಈ ಮಕ್ಕಳ ಬಳಿಗೆ ಬಂತು. ಸ್ಟ್ಯಾನ್‌ಫರ್ಡ್‌ನ ಮನೋವೈದ್ಯ ಕೆನೆತ್ ಕೋಲ್ಬಿ, ಮಾತಾಡದ ಮಕ್ಕಳನ್ನು ಕೀಲಿಮಣೆಯ ಮುಂದೆ ಕೂರಿಸಿದರು. ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಮೂಡುತ್ತಿತ್ತು, ಧ್ವನಿಯೂ ಕೇಳುತ್ತಿತ್ತು. ಕೆಲವು ಮಕ್ಕಳು ಮಾತಿನತ್ತ ಹೊರಳಿದ್ದನ್ನು ಅವರು 1968ರಲ್ಲಿ ವರದಿ ಮಾಡಿದರು.

1976ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಿಂದ ಇನ್ನೊಂದು ವರದಿ ಬಂತು. ಸಿಲ್ವಿಯಾ ವೇರ್ ಮತ್ತು ರಿಕಿ ಇಮ್ಯಾನುಯಲ್ ಒಬ್ಬ ಆಟಿಸ್ಟಿಕ್ ಬಾಲಕನಿಗೆ 'ಆಮೆ'ಯೊಂದನ್ನು ಕೊಟ್ಟಿದ್ದರು. ಅದು ಲೋಗೋ ಎಂಬ ಕಂಪ್ಯೂಟರ್ ಭಾಷೆಯ ಆಜ್ಞೆಗಳಿಗೆ ನೆಲದ ಮೇಲೆ ಚಲಿಸುವ ಚಕ್ರದ ಯಂತ್ರ. ಗುಂಡಿ ಒತ್ತಿದರೆ ಮುಂದೆ ಹೋಗುತ್ತಿತ್ತು, ತಿರುಗುತ್ತಿತ್ತು. ತನ್ನ ಮಾತು ಕೇಳುವ ವಸ್ತುವೊಂದು ಸಿಕ್ಕಾಗ ಆ ಬಾಲಕ ಯಂತ್ರದಲ್ಲೇ ಮುಳುಗಿಹೋಗಲಿಲ್ಲ. ತನ್ನ ಸಂತೋಷವನ್ನು ಹಂಚಿಕೊಳ್ಳಲು ಜೊತೆಗಿದ್ದ ಹಿರಿಯರತ್ತ ತಿರುಗಿದ. ಇಡೀ ಇತಿಹಾಸದ ಸಾರ ಇಲ್ಲಿದೆ ಎಂದು ನಮಗನಿಸುತ್ತದೆ.

ಮನುಷ್ಯನ ಮುಖ ಕ್ಷಣಕ್ಕೊಂದು ಭಾವ ತಾಳುತ್ತದೆ. ಯಂತ್ರ ನಿನ್ನೆಯಂತೆಯೇ ಇಂದೂ ವರ್ತಿಸುತ್ತದೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದವರು 2005ರಿಂದ ರೂಪಿಸಿದ 'ಕಾಸ್ಪರ್' ರೋಬೋಟಿನ ಮುಖ ಬೇಕೆಂದೇ ಸರಳವಾಗಿದೆ. ಜೋರಾಗಿ ಹೊಡೆದರೆ ಅದು ನೋವಾಯಿತೆಂದು ಹೇಳುತ್ತದೆ. ಇನ್ನೊಬ್ಬರಿಗೂ ನೋವಾಗುತ್ತದೆ ಎಂಬ ಪಾಠವನ್ನು ಮಗು ಭಯವಿಲ್ಲದೆ ಕಲಿಯಬಹುದು. 2018ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ 12 ಮಕ್ಕಳ ಮನೆಗಳಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿತು. ಒಂದು ತಿಂಗಳು, ದಿನಕ್ಕೆ 30 ನಿಮಿಷ ರೋಬೋಟಿನೊಡನೆ ಆಟ. ಮನೆಯ ಹಿರಿಯರೊಬ್ಬರೂ ಅದರಲ್ಲಿ ಪಾಲ್ಗೊಳ್ಳಬೇಕು. ರೋಬೋಟ್ ಇಲ್ಲದಾಗಲೂ ಮಕ್ಕಳು ದೊಡ್ಡವರೊಡನೆ ಹೆಚ್ಚು ಸ್ಪಂದಿಸಿದ್ದು ಕಂಡುಬಂತು. ಪ್ರಯೋಗ ಚಿಕ್ಕದು, ಆದರೆ ಎಡಿನ್‌ಬರೋದ ಆಮೆ ಹೇಳಿದ್ದನ್ನೇ ಅದೂ ಹೇಳಿತು.

ಇಂದು ನಮ್ಮ ಮನೆಗಳಲ್ಲಿ ಮೊಬೈಲ್ ಇದೆ. ಹಟ ಮಾಡುವ ಮಗುವಿನ ಕೈಗೆ ಅದನ್ನಿತ್ತು ನಾವು ಎದ್ದು ಹೋದರೆ ಆ ಯಂತ್ರ ಸೇತುವೆಯಾಗುವುದಿಲ್ಲ, ಗೋಡೆಯಾಗುತ್ತದೆ. ಮಗುವಿನ ಪಕ್ಕದಲ್ಲಿ ಒಬ್ಬ ಮನುಷ್ಯ ಕೂತಿರಬೇಕು.

ಸೇತುವೆಯ ಇನ್ನೊಂದು ತುದಿಯಲ್ಲಿ ನಾವಿದ್ದೇವೆಯೇ ಎಂಬುದೂ ಮುಖ್ಯ. ಸ್ವತಃ ಆಟಿಸ್ಟಿಕ್ ಆಗಿರುವ ಬ್ರಿಟನ್ನಿನ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಮಾತನ್ನು ಮುಂದಿಟ್ಟರು: ಪರಸ್ಪರ ಅರ್ಥವಾಗದಿರುವುದು ಇಬ್ಬರ ಸಮಸ್ಯೆ, ಒಬ್ಬರದಲ್ಲ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಗುರುತಿಸಿದೆ. ಆದರೆ ಮಸೀದಿಯ ಸಾಲಿನಲ್ಲಿ, ಮದುವೆಯ ಚಪ್ಪರದಲ್ಲಿ, ಶಾಲೆಯ ಬೆಂಚಿನಲ್ಲಿ ಆ ಮಗುವಿಗೆ ಜಾಗ ಬಿಡುವ ಕೆಲಸವನ್ನು ಯಾವ ಕಾಯ್ದೆಯೂ, ಯಾವ ರೋಬೋಟೂ ನಮ್ಮ ಪರವಾಗಿ ಮಾಡಲಾರದು.