ಯಾರು ಹೇಳಿದ್ದು?

ಮೊನ್ನೆ ಶನಿವಾರ ರಾತ್ರಿ ನಿದ್ದೆ ಬರದೆ ‘ನಥಿಂಗ್ ಬಟ್ ದಿ ಟ್ರೂತ್’ ಅನ್ನೋ ಸಿನಿಮಾ ನೋಡ್ತಾ ಕೂತೆ. 2008ರದ್ದು. ಒಬ್ಬ ಪತ್ರಕರ್ತೆ ಅಮೆರಿಕದ ಗೂಢಚಾರಿಣಿಯೊಬ್ಬಳ ಗುರುತನ್ನ ಪತ್ರಿಕೆಯಲ್ಲಿ ಬರೀತಾಳೆ. ಸರ್ಕಾರ ಅವಳನ್ನ ಕೇಳೋದು ಒಂದೇ ಪ್ರಶ್ನೆ: ‘ನಿನಗೆ ಯಾರು ಹೇಳಿದ್ದು?’ ಅವಳು ಹೇಳಲ್ಲ. ಜೈಲಿಗೆ ಹೋಗ್ತಾಳೆ, ಸಂಸಾರ ಒಡೆಯುತ್ತೆ, ಮಗ ದೂರ ಆಗ್ತಾನೆ. ಆದ್ರೂ ಬಾಯಿ ಬಿಡಲ್ಲ. ಹೇಳಿದ್ದು ಯಾರು ಅಂತ ಕೊನೇಲಿ ನಮಗೆ ಗೊತ್ತಾಗುತ್ತೆ. ಇಲ್ಲಿ ಬರೆಯಲ್ಲ, ನೋಡದೇ ಇರೋರು ಬೈತೀರಿ.

ಸಿನಿಮಾ ಮುಗಿದಾಗ ನನಗೆ ನೆನಪಾಗಿದ್ದು ಹೊಸನಗರ ತಾಲೂಕಿನ ನಮ್ಮೂರು, ಮತ್ತೆ ಸೀಮೆಎಣ್ಣೆ.

ನಾನಾಗ ಆರನೇ ಕ್ಲಾಸು. ನಮ್ಮ ಕಡೆ ಪೇಪರಿಗೆ ಬರೆಯೋರು ಅಂದ್ರೆ ತೋಟ ಮಾಡ್ಕೊಂಡು, ಬಿಡುವಾದಾಗ ಸುದ್ದಿ ಬರೆಯೋರು. ಬರೆದಿದ್ದನ್ನ ಕವರಿಗೆ ಹಾಕಿ ಶಿವಮೊಗ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಡೋರು. ಹಾಗೆ ಹೋದ ಒಂದು ಕವರಿನಿಂದ ಒಂದು ದಿನ ಐದೇ ಸಾಲಿನ ಸುದ್ದಿ ಬಂತು: ನಮ್ಮೂರ ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಅಳತೆ ಕಮ್ಮಿ.

ಊರಲ್ಲಿ ಎಷ್ಟು ಕಮ್ಮಿ ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು, ಯಾರು ಹೇಳಿದ್ದು ಅಂತ. ಮೂವತ್ತು ಮನೆಯ ಊರು. ಲೆಕ್ಕ ಹಾಕೋದು ಎಷ್ಟು ಹೊತ್ತು? ಅಂಗಡಿಯವರ ತೋಟಕ್ಕೆ ಕೆಲಸಕ್ಕೆ ಹೋಗ್ತಿದ್ದ ಒಬ್ಬ ಹೆಂಗಸಿನ ಮೇಲೆ ಅನುಮಾನ ಬಂತು. ಮಾರನೇ ದಿನದಿಂದ ಅವಳಿಗೆ ಅಲ್ಲಿ ಕೆಲಸ ಇಲ್ಲ. ಅವಳು ಅಲ್ಲ ಅಂತ ವರದಿಗಾರರಿಗೆ ಗೊತ್ತಿತ್ತು. ಆದ್ರೆ ‘ಅವಳಲ್ಲ’ ಅಂದ್ರೆ ಉಳಿದವರ ಪಟ್ಟಿ ಒಂದು ಹೆಸರು ಸಣ್ಣದಾಗುತ್ತೆ. ಅವರು ಸುಮ್ಮನಿದ್ರು. ಆ ಸುಮ್ಮನಿರೋದಕ್ಕೆ ಬೆಲೆ ತೆತ್ತಿದ್ದು ಮಾತ್ರ ಆ ಹೆಂಗಸು.

ಅಳತೆಯ ಜಗಳ ನಮ್ಮ ಸೀಮೆಗೆ ಹೊಸದಲ್ಲ. 1951ರ ಏಪ್ರಿಲ್‌ನಲ್ಲಿ ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ಶುರುವಾಯ್ತಲ್ಲ, ಅದರ ಹಿಂದೆ ಇದ್ದಿದ್ದೂ ಅಳತೆಯೇ. ಗೇಣಿ ಭತ್ತ ಅಳೆಯೋ ಒಡೆಯರ ಕೊಳಗ ದೊಡ್ಡದು ಅನ್ನೋ ತಕರಾರು. ಒಬ್ಬ ಗೇಣಿದಾರ ಒಂಟಿಯಾಗಿ ಹೋಗಿ ‘ಕೊಳಗ ದೊಡ್ಡದು’ ಅಂದಿದ್ರೆ ಗದ್ದೆ ಹೋಗ್ತಿತ್ತು, ಅಷ್ಟೆ. ಶಾಲೆ ಮೇಷ್ಟ್ರಾಗಿದ್ದ ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿದ್ರಿಂದ ಊರಿಗೆ ಊರೇ ಒಂದೇ ಬಾಯಲ್ಲಿ ಮಾತಾಡ್ತು. ಗೇಣಿದಾರರು ಗದ್ದೆಗೆ ಇಳಿಯೋದು, ಪೊಲೀಸರು ಹಿಡಿಯೋದು. ತೀರ್ಥಹಳ್ಳಿ ಕಡೆಯ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತ್ರು, ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೊಳಗಾದ್ರು. ಇಡೀ ಊರೇ ಹೇಳ್ತಿರೋವಾಗ ಯಾರು ಹೇಳಿದ್ದು ಅಂತ ಕೇಳಿ ಏನು ಪ್ರಯೋಜನ?

ಆದ್ರೆ ದಿನಾ ಕಾಗೋಡು ಆಗಲ್ಲ. ಹೆಚ್ಚಿನ ಸಲ ಸತ್ಯ ಗೊತ್ತಿರೋದು ಒಬ್ಬನಿಗೆ ಮಾತ್ರ, ಅವನು ಹೇಳಬೇಕಾಗಿರೋದೂ ಒಬ್ಬನೇ. ಅವನಿಗೆ ಕಾನೂನಿನಲ್ಲಿ ಏನಿದೆ ಅಂತ ಆ ರಾತ್ರಿಯೇ ಹುಡುಕಿದೆ.

ಸಿಕ್ಕಿದ್ದು 1872ರ ಸಾಕ್ಷ್ಯ ಕಾಯಿದೆಯ 125ನೇ ಕಲಂ. ಅಪರಾಧ ನಡೆದ ಸುದ್ದಿ ಎಲ್ಲಿಂದ ಬಂತು ಹೇಳು ಅಂತ ಪೊಲೀಸರನ್ನಾಗಲಿ, ಮ್ಯಾಜಿಸ್ಟ್ರೇಟರನ್ನಾಗಲಿ ಬಲವಂತ ಮಾಡೋ ಹಾಗಿಲ್ಲ. ಹೆಸರು ಹೊರಗೆ ಬಂದ್ರೆ ಮುಂದಿನ ಸಲ ಯಾರೂ ಬಾಯಿ ಬಿಡಲ್ಲ ಅನ್ನೋದು ಬ್ರಿಟಿಷರಿಗೂ ಅರ್ಥ ಆಗಿತ್ತು. ಅಂದ್ರೆ ಮೋಸದ ಸುದ್ದಿಯನ್ನ ಠಾಣೆಗೆ ಹೋಗಿ ಹೇಳಿದವನ ಹೆಸರಿಗೆ ಕಾನೂನಿನ ಮರೆ ಇದೆ. ಅದನ್ನೇ ವರದಿಗಾರನಿಗೆ ಹೇಳಿದವನಿಗೆ ಆ ಮರೆ ಇಲ್ಲ.

ಪತ್ರಿಕೆಗೆ ಮೂಗುದಾರ ಹಾಕೋ ಕಾಯಿದೆಗೆ ನಮ್ಮಲ್ಲಿ ಯಾವತ್ತೂ ತಡ ಆಗಿಲ್ಲ. ಮೈಸೂರು ಸಂಸ್ಥಾನ 1908ರಲ್ಲೇ ಅಂಥದ್ದೊಂದು ತಂದಾಗ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದ್ರು. ಕಾಪಾಡೋ ಕಾಯಿದೆಯ ಕಥೆ ಬೇರೆ. 1978ರ ಪ್ರೆಸ್ ಕೌನ್ಸಿಲ್ ಕಾಯಿದೆ ಸುದ್ದಿಮೂಲ ಹೇಳು ಅಂತ ಒತ್ತಾಯ ಮಾಡಬಾರದು ಅನ್ನುತ್ತೆ; ಆದ್ರೆ ಅದು ಕೌನ್ಸಿಲ್‌ನ ವಿಚಾರಣೆಗೆ ಮಾತ್ರ, ಕೋರ್ಟಿಗೆ ಅಲ್ಲ. 1983ರಲ್ಲಿ ಕಾನೂನು ಆಯೋಗ ತನ್ನ 93ನೇ ವರದಿಯಲ್ಲಿ ಸಾಕ್ಷ್ಯ ಕಾಯಿದೆಗೇ ಒಂದು ಹೊಸ ಕಲಂ ಸೇರಿಸಿ ಅಂತು. ಸೇರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಪೆಗಾಸಸ್ ಪ್ರಕರಣದ ಆದೇಶದಲ್ಲಿ ಸುಪ್ರೀಂ ಕೋರ್ಟು, ಸುದ್ದಿಮೂಲದ ರಕ್ಷಣೆ ಪತ್ರಿಕಾ ಸ್ವಾತಂತ್ರ್ಯದ ಮೂಲ ಷರತ್ತುಗಳಲ್ಲೊಂದು ಅಂತ ಹೇಳಿತು. 2024ರ ಜುಲೈ 1ಕ್ಕೆ ಹಳೇ ಸಾಕ್ಷ್ಯ ಕಾಯಿದೆ ಹೋಗಿ ಹೊಸದು ಬಂತು. ಪೊಲೀಸರ ರಕ್ಷಣೆ ಹಾಗೇ ಉಳೀತು, ವರದಿಗಾರರದ್ದು ಈ ಸಲವೂ ಬರಲಿಲ್ಲ.

ಇದೆಲ್ಲ ಪುಸ್ತಕದ ಮಾತು ಅನ್ಸಿದ್ರೆ, ಹುಲಿಕಲ್ ಘಾಟಿ ಇಳಿದು ಕರಾವಳಿಗೆ ಬನ್ನಿ. 2012ರ ಜುಲೈ 28ರಂದು ಮಂಗಳೂರಿನ ಪಡೀಲ್ ಹತ್ರದ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬ ಮಾಡ್ಕೊಳ್ತಿದ್ದ ಹುಡುಗ ಹುಡುಗಿಯರ ಮೇಲೆ ಗುಂಪು ದಾಳಿ ಮಾಡಿತು. ಸುಳಿವು ಸಿಕ್ಕಿ ಅಲ್ಲಿಗೆ ಹೋದ ಟಿವಿ ವರದಿಗಾರ ನವೀನ್ ಸೂರಿಂಜೆ ಅದನ್ನ ಚಿತ್ರೀಕರಿಸಿದ್ರು. ಹೊಡೆದವರ ಮುಖ ನಾಡಿಗೆಲ್ಲ ಗೊತ್ತಾಗಿದ್ದು ಆ ದೃಶ್ಯಗಳಿಂದ. ಪೊಲೀಸರು ಅವರನ್ನೂ ಆರೋಪಿ ಮಾಡಿದ್ರು: ಮೊದಲೇ ಗೊತ್ತಿದ್ದೂ ನಮಗೆ ಯಾಕೆ ತಿಳಿಸಲಿಲ್ಲ ಅಂತ. ಪೊಲೀಸರಿಗೆ ಫೋನ್ ಮಾಡೋಕೆ ನೋಡಿದೆ, ಎತ್ತಲಿಲ್ಲ ಅಂತ ಅವರು ಹೇಳಿದ್ರು. ನವೆಂಬರ್ 7ಕ್ಕೆ ಬಂಧನ. ಹೈಕೋರ್ಟಿನಿಂದ ಜಾಮೀನು ಸಿಕ್ಕಿದ್ದು 2013ರ ಮಾರ್ಚ್‌ನಲ್ಲಿ. ಆಮೇಲೆ ಸರ್ಕಾರ ಮೊಕದ್ದಮೆ ವಾಪಸ್ ತಗೊಂಡ್ತು. ಆದ್ರೆ ಆ ನಾಲ್ಕು ತಿಂಗಳ ಮೇಲಿನ ಜೈಲನ್ನ ಯಾರು ವಾಪಸ್ ತಗೊಳ್ತಾರೆ? ಅಂಥದ್ದು ನೋಡಿದ ಮೇಲೆ ಇನ್ನೊಬ್ಬ ವರದಿಗಾರ ಸುಳಿವು ಬಂದಾಗ ಓಡಿ ಹೋಗ್ತಾನಾ, ಫೋನ್ ಆಫ್ ಮಾಡ್ತಾನಾ?

ಇನ್ನೊಂದು ಮುಖಾನೂ ಹೇಳ್ಬೇಕು. ಆ ಸಿನಿಮಾಕ್ಕೆ ದಾರಿ ಮಾಡಿಕೊಟ್ಟಿದ್ದು ನ್ಯೂಯಾರ್ಕ್ ಟೈಮ್ಸ್‌ನ ಜೂಡಿತ್ ಮಿಲ್ಲರ್ ಪ್ರಕರಣ. 2005ರಲ್ಲಿ ಆಕೆ 85 ದಿನ ಜೈಲಲ್ಲಿದ್ರು. ಆಕೆ ಕಾಪಾಡ್ತಿದ್ದಿದ್ದು ಬಡಪಾಯಿಯನ್ನಲ್ಲ, ಅಮೆರಿಕದ ಉಪಾಧ್ಯಕ್ಷರ ಆಪ್ತ ಅಧಿಕಾರಿ ಲೂಯಿಸ್ ಲಿಬ್ಬಿಯವರನ್ನ. ಅಧಿಕಾರದಲ್ಲಿ ಇರೋರು ಕೂಡ ವರದಿಗಾರನ ಮರೆಯಲ್ಲಿ ನಿಂತು ಕಲ್ಲು ಹೊಡೀತಾರೆ. ಹಾಗಾಗಿ ಮೂಲ ಯಾವತ್ತೂ ಹೇಳಲೇಬಾರದು ಅಂತ ನಾನು ಅನ್ನಲ್ಲ. ನ್ಯಾಯಾಧೀಶರು ತೂಗಿ ನೋಡ್ಲಿ. ಆದ್ರೆ ತೂಗೋಕೆ ಮೊದಲು ಒಂದು ತಕ್ಕಡಿ ಬೇಕಲ್ಲ, ಅದನ್ನೇ ನಾವಿನ್ನೂ ಮಾಡಿಲ್ಲ.

ಮಾಡೋ ತನಕ ನಮ್ಮೂರಿನಂಥ ಊರಲ್ಲಿ ಸುದ್ದಿ ಕೊಟ್ಟವನಿಗೆ ಇರೋ ರಕ್ಷಣೆ ಒಬ್ಬ ಮನುಷ್ಯನ ಬಾಯಿ ಮಾತ್ರ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಆ ವರದಿಗಾರರ ಮನೆಗೂ ಹೋಗಿದ್ದೆ. ಪೇಪರಿಗೆ ಬರೆಯೋದು ಬಿಟ್ಟು ವರ್ಷಗಳಾಯ್ತು ಅವರು. ರೇಷನ್ ಅಂಗಡಿಯವರೂ ಈಗಿಲ್ಲ. ಕೆಲಸ ಕಳ್ಕೊಂಡ ಹೆಂಗಸು ಆಗಲೇ ಊರು ಬಿಟ್ಟು ಸಾಗರದ ಕಡೆ ಹೋದ್ಲು. ಕವಳ ಹಾಕ್ಕೊಂಡು ಜಗಲಿಯಲ್ಲಿ ಕೂತಿದ್ದಾಗ ಕೇಳೇಬಿಟ್ಟೆ: “ಮಾವ, ಆ ಸೀಮೆಎಣ್ಣೆ ಸುದ್ದಿ ನಿಮಗೆ ಯಾರು ಹೇಳಿದ್ದು?”

ಸ್ವಲ್ಪ ಹೊತ್ತು ಅಂಗಳ ನೋಡಿದ್ರು. “ಹೇಳಿದವರು ಇನ್ನೂ ಇದ್ದಾರೆ ಮಾರಾಯ” ಅಂದ್ರು. ಆಮೇಲೆ, “ಆ ಹೆಂಗಸಿನ ಮನೆ ಸಾಗರದಲ್ಲಿ ಎಲ್ಲಿ ಅಂತ ಎಂತಾದ್ರೂ ಗೊತ್ತುಂಟಾ ನಿಂಗೆ?”

ಗೊತ್ತಿರಲಿಲ್ಲ. ಈಗ ವಿಚಾರಿಸ್ತಾ ಇದ್ದೀನಿ.