ಮಕ್ ಮಣ್ಣು

ಸಿಹಿನೀರಿನ ಜೌಗಿನಲ್ಲಿ ಸತ್ತ ಸಸ್ಯಗಳು ನೀರಿನಡಿಯೇ ಉಳಿದು, ಸಾವಿರಾರು ವರ್ಷ ಪದರ ಪದರವಾಗಿ ಕೂಡಿ, ಎಲೆ ಬೇರುಗಳ ಗುರುತು ಸಿಗದಷ್ಟು ಕೊಳೆತಾಗ ಆಗುವ ಕಪ್ಪು ಸಾವಯವ ಮಣ್ಣು. ಅದೇ ವಸ್ತು ಪೂರ್ತಿ ಕೊಳೆಯದೆ ನಾರುನಾರಾಗಿ ಉಳಿದಿದ್ದರೆ ಅದು ಪೀಟ್. ಸಾಮಾನ್ಯ ಮಣ್ಣು ಬಂಡೆ ಸವೆದು ಬಂದ ಮರಳು, ರೇವೆ, ಜೇಡಿಗಳಿಂದ ಆದದ್ದು. ಮಕ್‌ನ ಮೈ ಬಹುಪಾಲು ಸಸ್ಯದ್ದೇ. ಹೀಗಾಗಿ ಸಾಮಾನ್ಯ ಮಣ್ಣಿಗಿಲ್ಲದ ಒಂದು ಗುಣ ಅದಕ್ಕಿದೆ: ನೀರು ಬಸಿದುಹೋದರೆ ಮಣ್ಣೇ ಕ್ರಮೇಣ ಅನಿಲವಾಗಿ ಇಲ್ಲವಾಗುತ್ತದೆ. ಆಳವಾದ ಮಕ್ ಜಗತ್ತಿನ ಹಲವು ಕಡೆ ಇದೆ. ಅದರ ಹುಟ್ಟು, ಬೇಸಾಯ, ಅಳಿವು ಮೂರೂ ತುಂಬ ವಿವರವಾಗಿ ದಾಖಲಾಗಿರುವ ಜಾಗಗಳಲ್ಲೊಂದು ಅಮೆರಿಕದ ಫ್ಲಾರಿಡಾ ರಾಜ್ಯದ ಎವರ್‌ಗ್ಲೇಡ್ಸ್ ಜೌಗು. ಈ ಲೇಖನ ಮುಖ್ಯವಾಗಿ ಅಲ್ಲಿನ ಮಣ್ಣನ್ನು ಆಧರಿಸಿದೆ.

ಗುರುತಿಸುವ ಬಗೆ

ಅಮೆರಿಕದ ಮಣ್ಣು ವರ್ಗೀಕರಣದಲ್ಲಿ ಸಾವಯವ ಮಣ್ಣುಗಳಿಗೆ ಹಿಸ್ಟೋಸಾಲ್ ಎಂಬ ಪ್ರತ್ಯೇಕ ಗಣವಿದೆ. ವರ್ಷದ ಒಂದಷ್ಟು ಕಾಲವಾದರೂ ನೀರು ತುಂಬಿರುವ ಮಣ್ಣಾದರೆ, ಅದರಲ್ಲಿರುವ ಜೇಡಿಯ ಪ್ರಮಾಣಕ್ಕೆ ತಕ್ಕಂತೆ ತೂಕದ ಶೇ. 12ರಿಂದ 18ರಷ್ಟಾದರೂ ಸಾವಯವ ಇಂಗಾಲ ಇರಬೇಕು. ಅಂಥ ಪದರ ಸಾಮಾನ್ಯವಾಗಿ 40 ಸೆಂ.ಮೀ.ಗಿಂತ ಕಡಿಮೆ ಇರಬಾರದು. ಕೊಳೆತ ಮಟ್ಟವನ್ನು ನಾರಿನಿಂದ ಅಳೆಯುತ್ತಾರೆ. ಮಾದರಿಯನ್ನು ಬೆರಳುಗಳ ನಡುವೆ ಉಜ್ಜಿದ ಮೇಲೂ ಉಳಿಯುವ ನಾರು ಗಾತ್ರದ ಆರನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ಅದು ಸ್ಯಾಪ್ರಿಕ್, ಅಂದರೆ ಮಕ್. ನಾಲ್ಕರಲ್ಲಿ ಮೂರು ಪಾಲು ನಾರೇ ಉಳಿದರೆ ಫೈಬ್ರಿಕ್, ಅಂದರೆ ಪೀಟ್, ನಡುವಿನದು ಹೆಮಿಕ್. ಸೋಡಿಯಂ ಪೈರೋಫಾಸ್ಫೇಟ್ ದ್ರಾವಣದಲ್ಲಿ ಮಣ್ಣನ್ನು ಕದಡಿ, ಅದಕ್ಕೆ ಬಿಳಿ ಕಾಗದ ಚುಚ್ಚಿ, ಕಾಗದಕ್ಕೆ ಏರಿದ ಬಣ್ಣವನ್ನು ಮನ್ಸೆಲ್ ಬಣ್ಣದ ಪಟ್ಟಿಯೊಂದಿಗೆ ಹೋಲಿಸುವುದು ಇನ್ನೊಂದು ಪರೀಕ್ಷೆ. ಹೆಚ್ಚು ಕೊಳೆತ ಮಣ್ಣು ಕಾಗದವನ್ನು ಗಾಢ ಕಂದು ಮಾಡುತ್ತದೆ.

ಹೊಲದಲ್ಲಿ ನಿಂತು ಮಾಡಬಹುದಾದ ಪರೀಕ್ಷೆಯನ್ನು ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ 1920ರ ದಶಕದಲ್ಲಿ ರೂಪಿಸಿದರು. ಒದ್ದೆ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಬೇಕು. ತಿಳಿನೀರು ಮಾತ್ರ ಇಳಿದರೆ ಮೊದಲ ಮೆಟ್ಟಿಲು. ಮಣ್ಣೆಲ್ಲ ಗಟ್ಟಿ ಅಂಬಲಿಯಂತೆ ಬೆರಳ ಸಂದಿನಿಂದ ಹೊರಬಂದು ಅಂಗೈಯಲ್ಲಿ ಏನೂ ಉಳಿಯದಿದ್ದರೆ ಹತ್ತನೆಯದು. ಮಕ್ ಸಾಮಾನ್ಯವಾಗಿ ಏಳರಿಂದ ಹತ್ತರ ನಡುವೆ ಬರುತ್ತದೆ.

ಭೌತಿಕ ಗುಣಗಳು

ಒಣ ಮಕ್ ತೀರ ಹಗುರ. ಖನಿಜ ಮಣ್ಣಿನ ಒಂದು ಘನ ಸೆಂಟಿಮೀಟರ್ 1.1ರಿಂದ 1.5 ಗ್ರಾಂ ತೂಗಿದರೆ, ಮಕ್‌ನಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ 0.2ರ ಆಸುಪಾಸಿನಲ್ಲೋ ತುಸು ಮೇಲೋ ಇರುತ್ತದೆ. ಪೀಟ್ 0.1ಕ್ಕಿಂತಲೂ ಹಗುರ. ನೀರು ತುಂಬಿದಾಗ ಮಕ್ ತನ್ನ ಒಣತೂಕದ ಮೂರುನಾಲ್ಕು ಪಟ್ಟು ನೀರು ಹಿಡಿಯಬಲ್ಲದು. ಪೀಟ್ ಇದಕ್ಕಿಂತ ಬಹಳ ಹೆಚ್ಚು. ಆದರೆ ಮಕ್‌ನ ರಂಧ್ರಗಳು ಸಣ್ಣವಾದ್ದರಿಂದ ಹಿಡಿದ ನೀರನ್ನು ಬಿಗಿಯಾಗಿ ಇಟ್ಟುಕೊಳ್ಳುತ್ತದೆ, ನೀರು ಒಳಗೆ ಹರಿಯುವುದೂ ನಿಧಾನ. ಒಮ್ಮೆ ಪೂರ್ತಿ ಒಣಗಿದರೆ ಕಣಗಳ ಮೇಲ್ಮೈ ನೀರನ್ನು ತಳ್ಳತೊಡಗುತ್ತದೆ. ಮಳೆ ಬಿದ್ದರೂ ಮತ್ತೆ ನೆನೆಯದೆ, ಪುಡಿಯಾಗಿ ಗಾಳಿಗೆ ಹಾರುತ್ತದೆ. ಭಾರ ಹೊರುವ ಶಕ್ತಿ ಅತ್ಯಲ್ಪ.

ಹುಟ್ಟು

ಎವರ್‌ಗ್ಲೇಡ್ಸ್‌ನ ತಳ ಸುಣ್ಣಕಲ್ಲು. ಅದರ ಮೇಲೆ ಸಾವಯವ ಪದರ ಕೂಡತೊಡಗಿದ್ದು ಸುಮಾರು 5,000 ವರ್ಷಗಳ ಹಿಂದೆ. ಸಮುದ್ರಮಟ್ಟದ ಏರಿಕೆ ನಿಧಾನವಾಗಿ, ಒಕೀಚೋಬಿ ಸರೋವರದಿಂದ ದಕ್ಷಿಣಕ್ಕೆ ಹರಿದ ನೀರು ಸಮತಟ್ಟು ನೆಲದ ಮೇಲೆ ವರ್ಷವಿಡೀ ನಿಲ್ಲುವಂತಾದ ಕಾಲ ಅದು. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಆಮೇಲೆ ಸೂಕ್ಷ್ಮಜೀವಿಗಳು ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್‌ಗಳನ್ನು ಒಂದಾದ ಮೇಲೊಂದು ಬಳಸಿ, ಕೊನೆಗೆ ಮೀಥೇನ್ ಬಿಡುವ ಹಂತಕ್ಕೆ ಇಳಿಯುತ್ತವೆ. ಪ್ರತಿ ಹಂತದಲ್ಲೂ ಅವಕ್ಕೆ ಸಿಗುವ ಶಕ್ತಿ ಕಡಿಮೆಯಾಗುವುದರಿಂದ ಕೊಳೆಯುವಿಕೆ ಕುಂಟುತ್ತದೆ. 2001ರಲ್ಲಿ ಕ್ರಿಸ್ ಫ್ರೀಮನ್ ಮತ್ತು ಸಂಗಡಿಗರು ಇನ್ನೊಂದು ಕಾರಣ ಮುಂದಿಟ್ಟರು: ಆಮ್ಲಜನಕವಿಲ್ಲದೆ ಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಕೆಲಸ ಮಾಡದು, ಅದರಿಂದ ಫಿನಾಲಿಕ್ ವಸ್ತುಗಳು ಕೂಡಿಕೊಂಡು ಉಳಿದ ಕಿಣ್ವಗಳನ್ನೂ ತಡೆಯುತ್ತವೆ. ಅವರ ಅಧ್ಯಯನ ಪೀಟ್ ನೆಲದ್ದು. ಬಿಸಿನಾಡಿನ ಮಕ್‌ಗೆ ಇದು ಎಷ್ಟು ಅನ್ವಯಿಸುತ್ತದೆ ಎಂಬುದು ಚರ್ಚೆಗೆ ತೆರೆದ ವಿಷಯ.

ಯಾವ ಸಸ್ಯದಿಂದ ಹುಟ್ಟಿತೆಂಬುದರ ಮೇಲೆ ಮಣ್ಣಿನ ಸ್ವಭಾವ ಬದಲಾಗುತ್ತದೆ. ಎವರ್‌ಗ್ಲೇಡ್ಸ್‌ನ ಬಹುಭಾಗ ಗರಗಸದಂಥ ಅಂಚಿನ ಸಾಗ್ರಾಸ್ ಜೊಂಡಿನಿಂದ ಆದದ್ದು. ಆಳ ನೀರಿನ ಹೊಂಡಗಳಲ್ಲಿ ನೈದಿಲೆಯಿಂದಾದ ಕೆಂಗಂದು ಪೀಟ್ ಸಿಗುತ್ತದೆ. ಸರೋವರದ ದಕ್ಷಿಣ ದಡಕ್ಕೆ ಅಂಟಿಕೊಂಡಂತೆ ಸೀತಾಫಲದ ಕುಲಕ್ಕೆ ಸೇರಿದ ಅನೋನಾ ಗ್ಲಾಬ್ರಾ ಮರಗಳ ಕಾಡಿತ್ತು. ಪ್ರವಾಹ ಬಂದಾಗಲೆಲ್ಲ ಸರೋವರದ ಜೇಡಿ ಅಲ್ಲಿಗೆ ಸೇರುತ್ತಿದ್ದುದರಿಂದ ಆ ಪಟ್ಟಿಯ ಮಕ್‌ನಲ್ಲಿ ಖನಿಜಾಂಶ ಮೂರನೇ ಒಂದು ಪಾಲಿಗೂ ಮಿಕ್ಕಿದೆ. ಮಣ್ಣಿನ ವರ್ಗೀಕರಣದಲ್ಲಿ ಇದನ್ನು ಟೋರಿ ಎಂಬ ಪ್ರತ್ಯೇಕ ಸರಣಿಯಾಗಿ ಗುರುತಿಸುತ್ತಾರೆ.

ರಸಾಯನ ಮತ್ತು ತಾಮ್ರದ ಪ್ರಕರಣ

ಪೀಟ್ ನೆಲವೆಂದರೆ ಹುಳಿ ನೆಲ ಎಂಬ ಅಭಿಪ್ರಾಯ ಉತ್ತರ ಯುರೋಪಿನ ಅನುಭವದಿಂದ ಬಂದದ್ದು. ಎವರ್‌ಗ್ಲೇಡ್ಸ್‌ನಲ್ಲಿ ತಳದ ಸುಣ್ಣಕಲ್ಲಿನಿಂದಾಗಿ ಪಿಎಚ್ ಹೆಚ್ಚಾಗಿ 6ರಿಂದ 7ರ ನಡುವೆ ಇರುತ್ತದೆ. ಕಲ್ಲು ಮೇಲೆ ಬಂದ ಕಡೆ ಅದಕ್ಕೂ ಹೆಚ್ಚು. ವರ್ಗೀಕರಣದಲ್ಲಿ ಇಂಥ ಮಣ್ಣನ್ನು ಯೂಯಿಕ್ ಎಂದೂ, ಪಿಎಚ್ 4.5ಕ್ಕಿಂತ ಕೆಳಗಿನದನ್ನು ಡಿಸಿಕ್ ಎಂದೂ ಬೇರ್ಪಡಿಸುತ್ತಾರೆ. ಒಣತೂಕಕ್ಕೆ ಲೆಕ್ಕ ಹಾಕಿದರೆ ಮಕ್‌ನ ಧನ ಅಯಾನು ವಿನಿಮಯ ಶಕ್ತಿ, ಅಂದರೆ ಪೋಷಕಗಳನ್ನು ಹಿಡಿದಿಡುವ ಸಾಮರ್ಥ್ಯ, ಯಾವ ಜೇಡಿಯನ್ನೂ ಮೀರಿಸೀತು. ಆದರೆ ಬೇರು ಹರಡುವುದು ಗಾತ್ರದಲ್ಲಿ, ತೂಕದಲ್ಲಲ್ಲ. ಗಾತ್ರದ ಲೆಕ್ಕದಲ್ಲಿ ಆ ಹೆಚ್ಚಳ ಬಹಳ ತಗ್ಗುತ್ತದೆ. ಸಾರಜನಕ ಧಾರಾಳ: ಮಣ್ಣು ಕರಗಿದಂತೆಲ್ಲ ಅದು ಬಿಡುಗಡೆಯಾಗುವುದರಿಂದ ಇಲ್ಲಿನ ಕಬ್ಬಿಗೆ ಸಾಮಾನ್ಯವಾಗಿ ಸಾರಜನಕ ಗೊಬ್ಬರ ಹಾಕುವುದಿಲ್ಲ. ಪೊಟ್ಯಾಷಿಯಂ ಮತ್ತು ರಂಜಕ ಸ್ವಭಾವತಃ ಕಡಿಮೆ.

20ನೇ ಶತಮಾನದ ಮೊದಲ ದಶಕಗಳಲ್ಲಿ ಕಾಲುವೆ ತೋಡಿ ನೀರು ಬಸಿದು ಜಮೀನು ಮಾರಿದವರು, ಈ ಕಪ್ಪು ಮಣ್ಣು ಅಕ್ಷಯ ಫಲವತ್ತಿನದೆಂದು ಪ್ರಚಾರ ಮಾಡಿದ್ದರು. ಸರೋವರದ ದಡದ ಪಟ್ಟಿಯಲ್ಲಿ ಬೆಳೆ ನಿಜಕ್ಕೂ ಹುಲುಸಾಗಿ ಬಂತು. ಕೆಲವೇ ಮೈಲು ಒಳಗೆ, ಸಾಗ್ರಾಸ್ ನೆಲದಲ್ಲಿ, ಬೀಜ ಮೊಳೆತು, ಸಸಿ ಹಳದಿಯಾಗಿ, ಕಾಯಿ ಕಟ್ಟುವ ಮೊದಲೇ ಸಾಯುತ್ತಿತ್ತು. ನೋಡಲು ಎರಡೂ ಒಂದೇ ಕಪ್ಪು. ಸುಣ್ಣವನ್ನೂ ಮಾಮೂಲು ಗೊಬ್ಬರಗಳನ್ನೂ ಹಾಕಿ ಪ್ರಯೋಜನ ಕಾಣಲಿಲ್ಲ.

ಬೆಲ್ ಗ್ಲೇಡ್ ಊರಿನ ಎವರ್‌ಗ್ಲೇಡ್ಸ್ ಪ್ರಯೋಗ ಕೇಂದ್ರದಲ್ಲಿ ಆರ್. ವಿ. ಆಲಿಸನ್, ಓ. ಸಿ. ಬ್ರಯಾನ್ ಮತ್ತು ಜೆ. ಎಚ್. ಹಂಟರ್ ಇದಕ್ಕೆ ಉತ್ತರ ಕಂಡುಕೊಂಡರು. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮಣ್ಣಿಗೆ ಬಿದ್ದ ಕಡೆ ಗಿಡಗಳು ಚೇತರಿಸಿಕೊಂಡವು. ಫಲಿತಾಂಶವನ್ನು ಅವರು 1927ರಲ್ಲಿ ಪ್ರಕಟಿಸಿದರು. ತಾಮ್ರ ಸಸ್ಯಕ್ಕೆ ಅಗತ್ಯ ಪೋಷಕ ಎಂಬುದು ಆಗ ಸರ್ವಸಮ್ಮತವಾಗಿರಲಿಲ್ಲ. ಬೇಸಾಯದಲ್ಲಿ ಅದರ ಪರಿಚಯ ಹೆಚ್ಚಾಗಿ ಶಿಲೀಂಧ್ರನಾಶಕವಾಗಿಯೇ ಇತ್ತು. ಹಾಗಾಗಿ ಈ ಮಣ್ಣಿನ ಅಧ್ಯಯನದಲ್ಲಿ ಇದಕ್ಕಿಂತ ಮಹತ್ವದ ಪ್ರಕಟಣೆ ಇನ್ನೊಂದಿಲ್ಲ ಎಂದರೆ ಅತಿಶಯವಾಗದು. ತಾಮ್ರದ ಕೊರತೆಗೆ ಕಾರಣ ಎರಡು ತೆರನದು. ಬಹುಪಾಲು ಸಸ್ಯದಿಂದಲೇ ಬೆಳೆದ ಸಾಗ್ರಾಸ್ ಮಣ್ಣಿಗೆ ತಾಮ್ರ ತರಬಲ್ಲ ಜೇಡಿ ಸೇರಿರಲಿಲ್ಲ. ಇದ್ದ ಅಲ್ಪಸ್ವಲ್ಪ ತಾಮ್ರವನ್ನೂ ಹ್ಯೂಮಿಕ್ ಆಮ್ಲಗಳ ಕಾರ್ಬಾಕ್ಸಿಲ್ ಮತ್ತು ಫಿನಾಲ್ ಗುಂಪುಗಳು ಬಿಗಿಹಿಡಿದಿದ್ದವು. ದಡದ ಪಟ್ಟಿಯನ್ನು ಉಳಿಸಿದ್ದು ಸರೋವರದ ಜೇಡಿ. ಮುಂದೆ ಮ್ಯಾಂಗನೀಸ್, ಸತುಗಳ ಕೊರತೆಯೂ ಹೀಗೆಯೇ ಬೆಳಕಿಗೆ ಬಂತು. ಮಾಲಿಬ್ಡಿನಂ ಹೆಚ್ಚಿರುವ ಕಡೆ ಮೇಯುವ ದನಗಳಲ್ಲೂ ತಾಮ್ರದ ಕೊರತೆ ಕಂಡುಬಂದಿದೆ.

ಕುಸಿತ

1924ರಲ್ಲಿ ಅದೇ ಪ್ರಯೋಗ ಕೇಂದ್ರದ ಆವರಣದಲ್ಲಿ 9 ಅಡಿ, ಅಂದರೆ ಸುಮಾರು 2.7 ಮೀಟರ್ ಉದ್ದದ ಕಾಂಕ್ರೀಟ್ ಕಂಬವನ್ನು ಬುಡ ಸುಣ್ಣಕಲ್ಲಿಗೆ ತಾಗುವಂತೆ, ತಲೆ ನೆಲಕ್ಕೆ ಸಮವಾಗುವಂತೆ ಹೂಳಿದರು. ಈಗ ಅದರ 1.8 ಮೀಟರಿಗೂ ಹೆಚ್ಚು ಭಾಗ ನೆಲದ ಮೇಲಿದೆ. ಕಂಬ ಮೇಲೆದ್ದಿಲ್ಲ, ನೆಲ ಇಳಿದಿದೆ. ಬಂಡೆಗೆ ಊರಿದ ಕಂಬಗಳ ಮೇಲೆ ಕಟ್ಟಿದ ಕಟ್ಟಡಗಳಿಗೆ ಮೆಟ್ಟಿಲು ಸೇರಿಸುತ್ತ ಹೋಗಬೇಕಾಯಿತು. ಇಂಗ್ಲೆಂಡಿನ ಫೆನ್ ಜೌಗಿನಲ್ಲಿ 19ನೇ ಶತಮಾನದ ನಡುವೆ ನೆಟ್ಟ ಹೋಮ್ ಕಂಬವೂ ಇದೇ ಬಗೆಯ ದಾಖಲೆ. ಅದು ಸುಮಾರು 4 ಮೀಟರ್ ಹೊರಬಂದಿದೆ.

ಕುಸಿತಕ್ಕೆ ಕಾರಣ ಹಲವು. ಬಸಿದ ಮೊದಲ ವರ್ಷಗಳಲ್ಲಿ ನೀರಿನ ಆಸರೆ ತಪ್ಪಿ ಮಣ್ಣು ಒತ್ತಿಕೊಳ್ಳುತ್ತದೆ, ಒಣಗಿ ಕುಗ್ಗುತ್ತದೆ. ಇದು ವೇಗವಾಗಿ ನಡೆದು ಬೇಗ ತಗ್ಗುತ್ತದೆ. ಆಮೇಲೆ ಎಡೆಬಿಡದೆ ಸಾಗುವುದು ಉತ್ಕರ್ಷಣ: ಗಾಳಿ ಹೊಕ್ಕ ಮಣ್ಣನ್ನು ಸೂಕ್ಷ್ಮಜೀವಿಗಳು ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತವೆ. ಗಾಳಿಗೆ ಹಾರುವುದು ಮತ್ತು ಬೆಂಕಿ ಇವಕ್ಕೆ ಸೇರಿಕೊಳ್ಳುತ್ತವೆ. ಬರಗಾಲದಲ್ಲಿ ಹತ್ತಿದ ಬೆಂಕಿ ನೆಲದೊಳಗೇ ವಾರಗಟ್ಟಲೆ ಕನಲುತ್ತ ಹೋಗಬಲ್ಲದು. ಬೆಚ್ಚನೆಯ ಹವೆಯಲ್ಲಿ ಉತ್ಕರ್ಷಣ ಚುರುಕಾಗುವುದರಿಂದ ಫ್ಲಾರಿಡಾದ ನಷ್ಟ ಉತ್ತರದ ರಾಜ್ಯಗಳಿಗಿಂತ ಹೆಚ್ಚು. ಅಂತರ್ಜಲ ಎಷ್ಟು ಕೆಳಗಿದೆಯೋ ನಷ್ಟ ಅಷ್ಟು ಜೋರು ಎಂಬುದು ಇಲ್ಲಿನ ದೀರ್ಘ ಪ್ರಯೋಗಗಳಲ್ಲಿ ಸ್ಪಷ್ಟವಾಗಿದೆ.

20ನೇ ಶತಮಾನದ ಮಧ್ಯದವರೆಗೆ ನೆಲ ವರ್ಷಕ್ಕೆ ಸುಮಾರು 2.5 ಸೆಂ.ಮೀ. ಇಳಿಯುತ್ತಿತ್ತು. ಈ ದರ ಮುಂದುವರಿದರೆ 2000ದ ಹೊತ್ತಿಗೆ ಬಹುಭಾಗ ಬೇಸಾಯಕ್ಕೆ ಬಾರದಷ್ಟು ತೆಳುವಾದೀತೆಂದು ಸ್ಟೀಫನ್ಸ್ ಮತ್ತು ಜಾನ್ಸನ್ 1951ರಲ್ಲಿ ಎಚ್ಚರಿಸಿದ್ದರು. ಶತಮಾನದ ಕೊನೆಯ ಅಳತೆಗಳಲ್ಲಿ ಆ ದರ ಸರಾಸರಿ ಒಂದೂವರೆ ಸೆಂ.ಮೀ. ಸಮೀಪಕ್ಕೆ ಇಳಿಯಿತು. ಕ್ಯೂಬಾದ ಸಕ್ಕರೆಯ ಆಮದನ್ನು 1960ರಲ್ಲಿ ಅಮೆರಿಕ ನಿಲ್ಲಿಸಿದ ಮೇಲೆ ಇಲ್ಲಿ ಹಬ್ಬಿದ ಕಬ್ಬು ಒಂದಿಷ್ಟು ನೀರನ್ನು ತಾಳುತ್ತದೆ. ಅಂತರ್ಜಲವನ್ನು ಮೇಲೆ ಇಡಲು ಅದರಿಂದ ಸಾಧ್ಯವಾಯಿತು. ಸುಲಭವಾಗಿ ಕೊಳೆಯುವ ಭಾಗ ಆಗಲೇ ಮುಗಿದಿದ್ದುದೂ ಕಾರಣವಿರಬಹುದು. ಆಯಾ ಕಾರಣದ ಪಾಲು ಎಷ್ಟೆಂದು ವಿಂಗಡಿಸುವುದು ಕಷ್ಟ. ಬೇಸಿಗೆಯಲ್ಲಿ ಹೊಲಕ್ಕೆ ನೀರು ಕಟ್ಟಿ ಭತ್ತ ಬೆಳೆಯುವ ಪದ್ಧತಿಯೂ ಇದೆ. ನೀರು ನಿಂತಷ್ಟು ಕಾಲ ಉತ್ಕರ್ಷಣ ಬಹುಮಟ್ಟಿಗೆ ನಿಲ್ಲುತ್ತದೆ. ನೈಸರ್ಗಿಕ ಜೌಗಿನಲ್ಲಿ ಹೊಸ ಮಣ್ಣು ವರ್ಷಕ್ಕೆ ಒಂದೆರಡು ಮಿ.ಮೀ. ಮಾತ್ರ ಕೂಡುತ್ತದೆ ಎಂಬುದನ್ನು ಇದರೊಂದಿಗೆ ಇಟ್ಟು ನೋಡಬೇಕು.

ಆಳವೇ ಹೆಸರು

ಇಲ್ಲಿನ ಮಣ್ಣಿನ ಸರಣಿಗಳನ್ನು ಬಂಡೆಯ ಮೇಲೆ ಉಳಿದ ದಪ್ಪದಿಂದ ಬೇರ್ಪಡಿಸಲಾಗಿದೆ. 130 ಸೆಂ.ಮೀ. ಮೀರಿದರೆ ಟೆರಾ ಸಿಯಾ, 91ರಿಂದ 130 ಪಹೋಕಿ, 51ರಿಂದ 91 ಲಾಡರ್‌ಹಿಲ್, ಅದಕ್ಕೂ ಕಡಿಮೆಯಾದರೆ ಡೇನಿಯಾ. ಬೇರೆಡೆ ಮಣ್ಣಿನ ನಕ್ಷೆ ತಲೆಮಾರುಗಳ ಕಾಲ ಬಾಳುತ್ತದೆ. ಇಲ್ಲಿ ಒಂದೇ ಹೊಲ ಒಬ್ಬ ರೈತನ ಜೀವಮಾನದಲ್ಲೇ ಟೆರಾ ಸಿಯಾದಿಂದ ಪಹೋಕಿಗೆ, ಪಹೋಕಿಯಿಂದ ಲಾಡರ್‌ಹಿಲ್‌ಗೆ ಇಳಿಯಬಹುದು. ಆದ್ದರಿಂದ ಈ ಮಣ್ಣಿನಲ್ಲಿ ಆಳವನ್ನು ಸ್ಥಿರ ಲಕ್ಷಣವೆಂದು ಓದಬಾರದು. ಅದು ನೀರಿನ ಆಡಳಿತದ ಫಲ, ಅಳೆದ ವರ್ಷಕ್ಕೆ ಮಾತ್ರ ಸತ್ಯ. ಹಳೆಯ ಸಮೀಕ್ಷೆಯ ನಕ್ಷೆಗಳನ್ನು ಬಳಸುವವರು ಸಮೀಕ್ಷೆಯ ಇಸವಿಯನ್ನು ಮೊದಲು ನೋಡಬೇಕು. ತೆಳುವಾದ ಹೊಲದಲ್ಲಿ ಉಳುಮೆ ಸುಣ್ಣಕಲ್ಲಿನ ಪುಡಿಯನ್ನು ಮೇಲೆ ತರುತ್ತದೆ. ಅದರಿಂದ ಪಿಎಚ್ ಏರಿ, ರಂಜಕ ಮತ್ತು ಮ್ಯಾಂಗನೀಸ್ ಗಿಡಕ್ಕೆ ಸಿಗದಂತಾಗುತ್ತವೆ.

ರಂಜಕ

ಸರೋವರದ ದಕ್ಷಿಣಕ್ಕಿರುವ, ಸುಮಾರು 7 ಲಕ್ಷ ಎಕರೆಯ ಈ ಮಣ್ಣಿನ ಕೃಷಿ ಪ್ರದೇಶದಿಂದ ಹೊರಹೋಗುವ ನೀರು ರಂಜಕವನ್ನು ಹೊತ್ತು ಇನ್ನೂ ದಕ್ಷಿಣದ ಜೌಗನ್ನು ಸೇರುತ್ತದೆ. ರಂಜಕ ಅತ್ಯಲ್ಪವಿರುವ ನೀರಿಗೆ ಒಗ್ಗಿದ ಸಾಗ್ರಾಸ್, ಅದು ಹೆಚ್ಚಾದ ಕಡೆ ಆಪುಹುಲ್ಲಿಗೆ ಜಾಗ ಬಿಟ್ಟುಕೊಟ್ಟಿದೆ. 1994ರ ಎವರ್‌ಗ್ಲೇಡ್ಸ್ ಫಾರೆವರ್ ಕಾನೂನಿನ ನಂತರ ಶತಕೋಟಿಗೆ 10 ಭಾಗ ರಂಜಕದ ಮಿತಿ ಜಾರಿಗೆ ಬಂತು. ನೀರನ್ನು ಶೋಧಿಸಲು ಕೃತಕ ಜೌಗುಗಳನ್ನು ನಿರ್ಮಿಸಲಾಗಿದೆ.

ಭಾರತದಲ್ಲಿ

ಇಷ್ಟು ಆಳದ, ಇಷ್ಟು ವಿಸ್ತಾರದ ಸಿಹಿನೀರಿನ ಮಕ್ ದಕ್ಷಿಣ ಭಾರತದಲ್ಲಿ ಪ್ರಸಿದ್ಧವಾಗಿಲ್ಲ. ನೀಲಗಿರಿಯ ಎತ್ತರದ ಕಣಿವೆಗಳಲ್ಲಿ ಪೀಟ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಅದರ ಇಂಗಾಲದ ಐಸೊಟೋಪುಗಳಿಂದ ಸುಮಾರು 20,000 ವರ್ಷಗಳ ಹವಾಮಾನದ ಏರಿಳಿತವನ್ನು ಓದಿ ತೋರಿಸಿದರು. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಡೆ ಇರುವ ರಾಮಪತ್ರೆ ಜೌಗುಗಳೂ ಸಿಹಿನೀರಿನವೇ. ಆದರೆ ಅಲ್ಲಿ ಹರಿಯುವ ತೊರೆ ಮರಳು, ರೇವೆಗಳನ್ನು ಬೆರೆಸುತ್ತಲೇ ಇರುವುದರಿಂದ ಅವನ್ನು ಮಕ್ ಎಂದು ಕರೆಯುವ ಮೊದಲು ಇಂಗಾಲದ ಪ್ರಮಾಣವನ್ನೂ ಪದರದ ದಪ್ಪವನ್ನೂ ಜಾಗ ಜಾಗಕ್ಕೆ ಅಳೆಯಬೇಕು.