ಸಂತ ಪೌಲರ ಹಳೆಯ ದೇವಾಲಯವೂ ಹಾಲರನ ತಾಮ್ರಪಟವೂ

ಲಂಡನ್ ನಗರದಲ್ಲಿ ಈಗ ನಾವು ಕಾಣುವ ಸಂತ ಪೌಲರ ದೇವಾಲಯವು ಕ್ರಿಸ್ಟಫರ್ ರೆನ್ ಎಂಬ ಶಿಲ್ಪಾಚಾರ್ಯನು 1675ರಿಂದ ಮೊದಲ್ಗೊಂಡು ಕಟ್ಟಿಸಿದುದು. ಅದೇ ನೆಲದ ಮೇಲೆ ಅದಕ್ಕೆ ಹಿಂದೆ ಬೇರೊಂದು ಮಹಾದೇವಾಲಯವಿದ್ದಿತು. ಅದರ ಒಳಗು ಹೇಗಿದ್ದಿತೆಂದು ತಿಳಿಯಬೇಕಾದರೆ ವೆನ್ಸೆಸ್ಲಾಸ್ ಹಾಲರನೆಂಬ ಪರದೇಶೀಯನು ಬರೆದ ತಾಮ್ರಪಟಗಳೇ ನಮಗೆ ಮುಖ್ಯಾಧಾರ.

ಹಾಲರನು 1607ರಲ್ಲಿ ಬೊಹೀಮಿಯದ ಪ್ರಾಗ್ ನಗರದಲ್ಲಿ ಹುಟ್ಟಿದವನು. ಅವನು ಕಲಿತ ವಿದ್ಯೆಗೆ ಎಚಿಂಗ್ ಎಂದು ಹೆಸರು. ತಾಮ್ರದ ತಗಡಿಗೆ ಮೇಣದ ಲೇಪವನ್ನು ಹಚ್ಚಿ, ಸೂಜಿಯಿಂದ ಲೇಪದಲ್ಲಿ ಗೆರೆಯೆಳೆದು, ಆಮ್ಲವನ್ನು ಸೋಕಿಸಿದರೆ ಗೆರೆ ಬಿದ್ದಲ್ಲಿ ಮಾತ್ರ ತಾಮ್ರವು ಸವೆಯುವುದು. ಆ ತಗ್ಗುಗಳಲ್ಲಿ ಮಸಿಯನ್ನು ತುಂಬಿ ಕಾಗದವನ್ನಿಟ್ಟು ಒತ್ತಿದರೆ ಚಿತ್ರವು ಎಡಬಲವಾಗಿ ಮೂಡುವುದು. ಆದುದರಿಂದ ಇಷ್ಟೊಂದು ಕಂಬಗಳನ್ನೂ ಕಮಾನುಗಳನ್ನೂ ಅವನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಯೇ ಬರೆಯಬೇಕಾಯಿತು!

ದೇವಾಲಯದ ಪೂರ್ವಭಾಗವು ಗಾಥಿಕ್ ಶೈಲಿಯದು. ಅದರ ಪಟದಲ್ಲಿ ಗೊಂಚಲುಗಂಬಗಳು ಮೇಲೇರಿ ಚೂಪುಗಮಾನುಗಳಾಗಿ ಬಾಗುವುವು. ಕೊನೆಯ ಗೋಡೆಯಲ್ಲಿ ನೀಳವಾದ ಕಿಟಕಿಗಳ ಸಾಲಿನ ಮೇಲೆ ಚಕ್ರಾಕಾರದ ಮಹಾಗವಾಕ್ಷವೊಂದು ಅರಳಿದೆ.

ಈ ಪಟಗಳು ಹುಟ್ಟಿದುದು ಭಯದಿಂದ. ವಿಲಿಯಮ್ ಡಗ್‌ಡೇಲನೆಂಬ ಪಂಡಿತನು ಅಂತಃಕಲಹವು ಸಮೀಪಿಸಿತೆಂದು ಕಂಡು, 1641ರಲ್ಲಿಯೇ ಅಲ್ಲಿನ ಸಮಾಧಿಗಳ ಚಿತ್ರಗಳನ್ನು ಬರೆಯಿಸಿಟ್ಟಿದ್ದನು. ಭಯವು ಸುಳ್ಳಾಗಲಿಲ್ಲ. ಯುದ್ಧಕಾಲದಲ್ಲಿ ದೇವಾಲಯವು ಸೈನಿಕರ ಕುದುರೆಲಾಯವಾಯಿತು. 1658ರಲ್ಲಿ ಡಗ್‌ಡೇಲನ ಗ್ರಂಥವು ಹಾಲರನ ಪಟಗಳೊಡನೆ ಹೊರಬಂದಿತು. ಪಟಗಳ ವೆಚ್ಚವನ್ನು ವಹಿಸಿದ ಗೃಹಸ್ಥರ ಕುಲಲಾಂಛನಗಳೂ ಅವುಗಳಲ್ಲಿ ಸೇರಿಕೊಂಡಿವೆ. ಪುಣ್ಯದೊಡನೆ ಹೆಸರೂ ಬೇಕಲ್ಲವೆ? ಒಂದು ಪಟದಲ್ಲಿ ಹಾಲರನು, ಈ ಕಟ್ಟಡವು ದಿನದಿನವೂ ತನ್ನ ಪತನವನ್ನು ಎದುರುನೋಡುತ್ತಿದೆ, ಇದರ ನೆನಪನ್ನು ತಾನು ಹೀಗೆ ಉಳಿಸಿದೆನು ಎಂಬರ್ಥದ ಮಾತನ್ನು ಲ್ಯಾಟಿನ್ನಿನಲ್ಲಿ ಬರೆದಿರುವನು.

ಎಂಟೇ ವರ್ಷಗಳು ಕಳೆದುವು. 1666ರ ಸೆಪ್ಟೆಂಬರ್ 4ರಂದು ಲಂಡನ್ನಿನ ಮಹಾಗ್ನಿಯು ದೇವಾಲಯದ ಮಾಡಿಗೆ ತಗುಲಿತು. ಮಾಡಿನ ಸೀಸವು ಕರಗಿ ಬೀದಿಯಲ್ಲಿ ಹರಿಯಿತು. ಕ್ಷೇಮವೆಂದು ನಂಬಿ ಪುಸ್ತಕವ್ಯಾಪಾರಿಗಳು ನೆಲಮಾಳಿಗೆಯಲ್ಲಿ ಕೂಡಿಟ್ಟಿದ್ದ ಗ್ರಂಥರಾಶಿಯೂ ಭಸ್ಮವಾಯಿತು.

ಹಾಗಾದರೆ ಹಾಲರನ ಪಟಗಳು ಕಂಡುದನ್ನೇ ಹೇಳುವ ಸಾಕ್ಷಿಗಳೆ? ಪೂರ್ತಿಯಾಗಿ ಅಲ್ಲವೆಂದೇ ನಮ್ಮ ಅಭಿಪ್ರಾಯ. 1658ಕ್ಕೆ ಮೊದಲೇ ಹಾಳಾಗಿದ್ದ ಸಮಾಧಿಗಳನ್ನು ಹಳೆಯ ಚಿತ್ರಗಳ ಆಧಾರದಿಂದ ಅವನು ಅಖಂಡವಾಗಿ ತೋರಿಸಿರುವನು. ಇದನ್ನು ಸುಳ್ಳೆನ್ನಲು ನಮಗೆ ಮನಸ್ಸು ಬಾರದು. ಆದರೂ ಚರಿತ್ರೆಯನ್ನು ಓದುವವರು ಎಚ್ಚರದಿಂದಲೇ ನೋಡಬೇಕು: ಅವನು ಬರೆದ ಆ ವಿಶಾಲವಾದ ನಡುವಂಕಣದಲ್ಲಿ ಕುದುರೆಯ ಗೊರಸಿನ ಗುರುತೊಂದೂ ಕಾಣುವುದಿಲ್ಲ.